ಕಕ್ಕಿಂಜೆಯಲ್ಲಿ ಎರಡು ದಿನ

ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಾಟಿಯತ್ತ ಸಾಗುವವರಿಗೆ ಮುಂಡಾಜೆಯ ತರುವಾಯ ಕಕ್ಕಿಂಜೆಯೆಂಬ ಚಿಕ್ಕ ಪೇಟೆಯು ಎದುರಾಗುತ್ತದೆ. ಸುತ್ತಲೂ ಅಡಕೆಯ ತೋಟಗಳು, ರಬ್ಬರಿನ ಮರಗಳ ಸಾಲು. ಮೂಡಲಲ್ಲಿ ಮಳೆಗಾಲವಿಡೀ ಮುಗಿಲನ್ನು ಹೊದ್ದು ಕುಳಿತ ಸಹ್ಯಾದ್ರಿ. ಆ ಮಲೆಗಳಿಂದ ಇಳಿದು ಬರುವ ಮೃತ್ಯುಂಜಯ ಹೊಳೆಯು ಮುಂದೆ ಪಜಿರಡ್ಕದ ಬಳಿ ನೇತ್ರಾವತಿಯನ್ನು ಕೂಡುತ್ತದೆ. ಪೇಟೆಯಲ್ಲಿ ಹತ್ತು ಹೆಜ್ಜೆ ನಡೆದರೆ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಕನ್ನಡ ಎಲ್ಲವೂ ಕಿವಿಗೆ ಬೀಳುವುವು. ಘಾಟಿಯನ್ನು ಏರುವ ಅವಸರದಲ್ಲಿ ಈ ಊರನ್ನು ನಾವು ಎಷ್ಟೋ ಸಲ ಕಣ್ಣೆತ್ತಿ ನೋಡದೆ ದಾಟಿದ್ದುಂಟು. ಕಳೆದ ಮಳೆಗಾಲದಲ್ಲಿ ಇಲ್ಲಿ ಎರಡು ದಿನ ನಿಲ್ಲಬೇಕಾಗಿ ಬಂದ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಮನೆಯಿರುವುದು ಘಾಟಿಯ ಮೇಲೆ, ಕೊಟ್ಟಿಗೆಹಾರದ ಕಡೆ. ಅತ್ತೆಯವರನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂಡಿಗೆರೆ ಸೀಮೆಯ ಅನೇಕ ರೋಗಿಗಳಿಗೆ ಈ ಘಾಟಿಯೇ ಆಸ್ಪತ್ರೆಯ ಹಾದಿ. 2019ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಹಾದಿಯು ಮುಚ್ಚಿದಾಗ, ದಾರಿಯೆಂದರೆ ಏನೆಂಬುದು ನಮ್ಮ ಕಡೆಯವರಿಗೆಲ್ಲ ಚೆನ್ನಾಗಿ ಮನವರಿಕೆಯಾಯಿತು. ನಮ್ಮಲ್ಲಿರುವುದು ಬಹಳ ಹಳೆಯದಾದ, ನಾಲ್ಕೂ ಚಕ್ರಗಳಿಗೆ ಎಳೆತವುಳ್ಳ, ತಾನಾಗಿ ಗೇರು ಬದಲಿಸಿಕೊಳ್ಳುವ ಒಂದು ವಾಹನ. ತೋಟದ ಕೆಸರಿಗೂ ಘಾಟಿಯ ಏರಿಗೂ ಅದೇ ಗತಿ.

ಜುಲೈ ತಿಂಗಳ ಒಂದು ಸಂಜೆ ಮಂಗಳೂರಿನಿಂದ ಹಿಂದಿರುಗುತ್ತಿದ್ದೆವು. ಘಾಟಿಯ ಕೆಲವು ತಿರುವುಗಳನ್ನು ಏರುವಷ್ಟರಲ್ಲಿ ಸುಟ್ಟ ವಾಸನೆಯು ಹೊಡೆಯಿತು. ಯಂತ್ರವು ಅಬ್ಬರಿಸುತ್ತಿದೆ, ಚಕ್ರಗಳು ಮಾತ್ರ ಮುಂದೆ ಸಾಗಲೊಲ್ಲವು. ಮಂಜು ಕವಿದು ಎದುರಿನ ಬಂಡೆಯೂ ಕಾಣದಾಯಿತು. ಒಂದು ಗಂಟೆಗೂ ಮಿಕ್ಕಿ ಅಲ್ಲಿಯೇ ನಿಂತೆವು. ಹಿಂದಿನ ಆಸನದಲ್ಲಿ ಶಾಲು ಹೊದ್ದು ಕುಳಿತಿದ್ದ ಅತ್ತೆಯವರು ಮೆಲ್ಲನೆ, “ನನ್ನೊಬ್ಬಳ ಮದ್ದಿಗಾಗಿ ನೀವೆಲ್ಲ ಈ ಕಾಡಿನಲ್ಲಿ ಏಕೆ ನವೆಯಬೇಕು? ಮುಂದಿನ ತಿಂಗಳಿನಿಂದ ನಾನು ಬರುವುದಿಲ್ಲ” ಎಂದರು. ಅವರು ಒಮ್ಮೆ ಆಡಿದ ಮಾತನ್ನು ಹಿಂದೆಗೆದವರಲ್ಲ. ವಾಹನ ಕೆಟ್ಟುದಕ್ಕಿಂತ ಆ ಮಾತೇ ನಮ್ಮನ್ನು ಹೆಚ್ಚು ಕಂಗೆಡಿಸಿತು.

ಬಿಸಿ ಆರಿದ ಮೇಲೆ ವಾಹನವನ್ನು ತಿರುಗಿಸಿ, ಕೆಳಗಿನ ಗೇರಿನಲ್ಲಿಯೇ ಮೆಲ್ಲಮೆಲ್ಲನೆ ಇಳಿದು, ಒಬ್ಬ ಬಸ್ಸಿನ ಕಂಡಕ್ಟರರು ಸೂಚಿಸಿದಂತೆ ಕಕ್ಕಿಂಜೆಗೆ ಬಂದೆವು. ಪರಿಚಿತರೊಬ್ಬರ ಮನೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆ ಗ್ಯಾರೇಜಿಗೆ ಹೋದೆವು. ಕಾಡಿನಂಚಿನ ಹಳ್ಳಿಗಳಿಗೆ ಜನರನ್ನು ಹೊತ್ತು ಓಡಾಡುವ ಜೀಪುಗಳು ಈ ತಾಲೂಕಿನಲ್ಲಿ ಬಹಳ. ಆದುದರಿಂದ ಹಳೆಯ ಬಂಡಿಗಳ ನಾಡಿಯನ್ನು ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ.

ಗ್ಯಾರೇಜಿನ ಯಜಮಾನರು ಮೊದಲು ಕೇಳಿದ್ದು ವಾಹನದ ವಿಷಯವನ್ನಲ್ಲ. “ಸ್ವಾಮಿ, ನೀವು ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುವುದು?” ಎಂದರು. ಕೋಲನ್ನು ‘ಡಿ’ಯಲ್ಲಿಟ್ಟು ಉಳಿದುದನ್ನು ಯಂತ್ರಕ್ಕೆ ಬಿಟ್ಟಿರುವೆವೆಂದು ನಾವು ಹೇಳಿದೆವು. ಅವರು ನಕ್ಕು, ಅಳತೆಯ ಕಡ್ಡಿಯನ್ನು ಎಳೆದು ಮೂಗಿನ ಬಳಿ ಹಿಡಿದರು. ಕೆಂಪಗಿರಬೇಕಾದ ಎಣ್ಣೆಯು ಕಂದಿ ಕಪ್ಪಾಗಿದ್ದಿತು. ಸೀದ ವಾಸನೆ ಬೇರೆ. “ಹಾಲಿನ ಹಾಗೆ ಆಗಿಲ್ಲವಲ್ಲ, ಪುಣ್ಯ. ಆಗಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆ ಎಂದು ಅರ್ಥ” ಎಂದರು. ತಳದ ತಟ್ಟೆಯನ್ನು ಬಿಚ್ಚಿ ನೋಡಿದಾಗ ಲೋಹದ ಚೂರುಗಳೂ ಕಾಣಲಿಲ್ಲ. ಗೇರುಪೆಟ್ಟಿಗೆಗೆ ಇನ್ನೂ ಆಯುಷ್ಯವಿದೆಯೆಂದು ಅವರು ತೀರ್ಪಿತ್ತರು.

ಅವರು ತಿಳಿಸಿದ ಕಾರಣವು ಇಷ್ಟು. ಇಂತಹ ವಾಹನದಲ್ಲಿ ಯಂತ್ರಕ್ಕೂ ಗೇರುಪೆಟ್ಟಿಗೆಗೂ ನಡುವೆ, ಎಣ್ಣೆ ತುಂಬಿದ ಒಂದು ಡಬ್ಬಿಯಲ್ಲಿ ಎರಡು ಪಂಖಗಳು ಎದುರುಬದುರಾಗಿರುವುವು. ಯಂತ್ರವು ಒಂದನ್ನು ತಿರುಗಿಸಿದರೆ, ಅದು ಎಣ್ಣೆಯನ್ನು ನೂಕಿ ಇನ್ನೊಂದನ್ನು ತಿರುಗಿಸುತ್ತದೆ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ತಾನಾಗಿ ಬದಲಾಗುವ ಗೇರು ಮೊದಲಾಗಿ ಜನಸಾಮಾನ್ಯರ ಕೈಗೆ ಬಂದಂದಿನಿಂದಲೂ, ಯಂತ್ರದ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಉಪಾಯವು ನಡೆದುಬಂದಿದೆ. ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಮೊದಲನೆಯ ಪಂಖವು ವೇಗವಾಗಿಯೂ ಎರಡನೆಯದು ನಿಧಾನವಾಗಿಯೂ ತಿರುಗುವುವು. ಆ ಅಂತರವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಎಣ್ಣೆಯು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸಿನೊಳಗೆ ಇದ್ದರೆ ಕ್ಷೇಮ. 120 ಡಿಗ್ರಿಯನ್ನು ಮೀರಿದರೆ ಬೇಗನೆ ಕೆಡುವುದು. ಬಿಸಿಯು 10 ಡಿಗ್ರಿ ಏರಿದಷ್ಟಕ್ಕೂ ಎಣ್ಣೆಯ ಆಯುಷ್ಯವು ಅರ್ಧವಾಗುವುದೆಂದು ಕೆಲಸಗಾರರ ಅಂದಾಜು. ಇದನ್ನು ತಂಪು ಮಾಡುವ ಕೊಳವೆಯೊಂದು ರೇಡಿಯೇಟರಿನೊಳಗೆ ಇರುತ್ತದೆಯಾದರೂ, ಸುತ್ತಲ ನೀರೇ 90 ಡಿಗ್ರಿಯಷ್ಟು ಕಾದಿರುವಾಗ ಎಣ್ಣೆಯು ಅದಕ್ಕಿಂತ ತಂಪಾಗುವುದೆಂತು? ಆದಕಾರಣ ಗಾಳಿಗೆ ಒಡ್ಡಿದ ಇನ್ನೊಂದು ಕೂಲರು ಬೇಕು.

ಮಂಗಳೂರಿಗೆ ಹೇಳಿಕಳುಹಿಸಿದ ಅಲ್ಯೂಮಿನಿಯಮಿನ ಕೂಲರು ಮರುದಿನ ಮುಂಜಾನೆಯ ಬಸ್ಸಿನಲ್ಲಿ ಬಂದಿತು. ಗಾತ್ರದಲ್ಲಿ ಒಂದು ದಪ್ಪ ಪುಸ್ತಕದಷ್ಟು. ಅದನ್ನು ರೇಡಿಯೇಟರಿನ ಮುಂದೆ, ಗಾಳಿಯಾಡಲು ತುಸು ತೆರವು ಬಿಟ್ಟು ನಿಲ್ಲಿಸಿದರು. ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಟ್ಟುವ ಸುಲಭದ ದಾರಿಯನ್ನು ಯಜಮಾನರು ಒಪ್ಪಲಿಲ್ಲ; ಘಾಟಿಯ ಕುಲುಕಾಟಕ್ಕೆ ಅದು ಉಜ್ಜಿ ರೇಡಿಯೇಟರನ್ನೇ ತೂತು ಮಾಡುವುದಂತೆ. ಕಬ್ಬಿಣದ ಪಟ್ಟಿಗಳನ್ನು ಬಾಗಿಸಿ, ಬಂಡಿಯ ಚೌಕಟ್ಟಿಗೇ ಬೋಲ್ಟು ಬಿಗಿದರು. ಎಣ್ಣೆಯು ರೇಡಿಯೇಟರಿನಿಂದ ಹೊರಬಂದು, ಹೊಸ ಕೂಲರನ್ನು ಹಾಯ್ದು, ಅನಂತರ ಗೇರುಪೆಟ್ಟಿಗೆಗೆ ಮರಳುವಂತೆ ಪೈಪುಗಳನ್ನು ಜೋಡಿಸಿದರು. ಪೆಟ್ರೋಲಿನ ರಬ್ಬರು ಪೈಪು ಈ ಕಾದ ಎಣ್ಣೆಗೆ ತಾಳದಾದ್ದರಿಂದ ಅದಕ್ಕೆಂದೇ ಇರುವ ಪೈಪನ್ನು ಹಾಕಿ, ಹೊಗೆಕೊಳವೆಗೂ ಫ್ಯಾನಿಗೂ ತಾಗದಂತೆ ದೂರದಿಂದ ಒಯ್ದರು. ಹೊಸ ಎಣ್ಣೆ ತುಂಬಿ, ಸಮನೆಲದಲ್ಲಿ ಯಂತ್ರವನ್ನು ಚಾಲೂ ಇಟ್ಟೇ ಅಳತೆ ನೋಡಿದರು. ನಮ್ಮ ವಾಹನದ ಪುಸ್ತಕದಲ್ಲಿರುವ ವಿಧಿಯೂ ಅದೇ. ಕಡೆಗೆ ಎಣ್ಣೆಯ ಬಿಸಿಯನ್ನು ತೋರಿಸುವ ಚಿಕ್ಕ ಗಡಿಯಾರದಂತಹ ಮಾಪಕವನ್ನೂ ಮುಂದೆ ಕೂರಿಸಿದರು.

ಹೊರಡುವಾಗ ಅವರು ಹೇಳಿದ ಮಾತು ನಮ್ಮ ನೆನಪಿನಲ್ಲಿ ನಿಂತಿದೆ. “ಕೂಲರು ಹಾಕಿದ್ದೇವೆಂದು ಮೊದಲಿನ ಹಾಗೆಯೇ ಹತ್ತಬೇಡಿ. ಏರಿಗೆ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಮುಳ್ಳು ಮೇಲೆ ಹೋದರೆ ನಿಲ್ಲಿಸಿ, ಯಂತ್ರವನ್ನು ಆರಿಸದೆ ಹಾಗೆಯೇ ಓಡಲು ಬಿಡಿ. ಎಣ್ಣೆ ಸುತ್ತುತ್ತಾ ತಣಿಯುತ್ತದೆ. ಅಮ್ಮ ಒಳಗೆ ಕೂತಿದ್ದಾರೆ ಎಂದು ನೆನಪಿಟ್ಟು ಓಡಿಸಿದರೆ ಸಾಕು.”

ಆ ಸಂಜೆ ಹಾಗೆಯೇ ಏರಿದೆವು. ಮಂಜೂ ಮಳೆಯೂ ಹಿಂದಿನಂತೆಯೇ ಇದ್ದುವು. ನಾವು ಕೆಟ್ಟು ನಿಂತಿದ್ದ ತಿರುವಿನಲ್ಲಿ ಮುಳ್ಳು 100ಕ್ಕೆ ತುಸು ಕೆಳಗೆ ತೂಗಾಡಿ, ಅಲ್ಲಿಯೇ ನಿಂತಿತು. ಘಾಟಿಯೊಳಗಿನ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಎಲ್ಲರಂತೆ ನಾವೂ ನಿಲ್ಲಿಸಿ ಕೈಮುಗಿದು, ಒಂದು ಕಾಣಿಕೆ ಹಾಕಿ ಮುಂದುವರಿದೆವು. ವಾಹನವನ್ನು ಮಾರಿ ಹೊಸತನ್ನು ಕೊಳ್ಳಿರೆಂದು ಬಂಧುಗಳು ಹೇಳುತ್ತಲೇ ಇದ್ದರು. ಅಷ್ಟು ಹಣವು ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ಕೊಂಡುಬಿಟ್ಟು, ಹೊಸದನ್ನೂ ಹಳೆಯದರಂತೆಯೇ ಘಾಟಿಯಲ್ಲಿ ಬೇಯಿಸುತ್ತಿದ್ದೆವೇನೋ. ಯಂತ್ರವನ್ನು ದೂರುವ ಮುನ್ನ ಅದನ್ನು ನಡೆಸುವ ಕೈಯನ್ನೂ ಒಮ್ಮೆ ಕೇಳಬೇಕೆಂಬುದನ್ನು ಕಕ್ಕಿಂಜೆಯಲ್ಲಿ ಕಲಿತೆವು.

ಕೊಟ್ಟಿಗೆಹಾರ ತಲುಪಿದಾಗ ಕತ್ತಲಾಗಿತ್ತು. ನೀರುದೋಸೆಯ ಹೋಟೆಲಿನ ಮುಂದೆ ನಿಲ್ಲಿಸಿ ಹಿಂದಕ್ಕೆ ತಿರುಗಿದರೆ ಅತ್ತೆಯವರು ನಿದ್ದೆಯಿಂದ ಆಗಷ್ಟೇ ಕಣ್ಣು ತೆರೆದಿದ್ದರು. “ಅಣ್ಣಪ್ಪನ ಗುಡಿ ಬಂತೇ?” ಎಂದು ಕೇಳಿದರು. ದಾಟಿ ಬಹಳ ಹೊತ್ತಾಯಿತೆಂದೆವು. ಅವರು ಶಾಲನ್ನು ಸರಿಪಡಿಸಿಕೊಂಡು, “ಹಾಗಾದರೆ ಮುಂದಿನ ತಿಂಗಳು ನನ್ನನ್ನು ಅಲ್ಲಿ ಎಬ್ಬಿಸಿ. ನಾನೂ ಕೈಮುಗಿಯಬೇಕು” ಎಂದರು.