ಆಗಸ್ಟ್‌ನಲ್ಲಿ ಮಾತಾಡದವರು

ನಮ್ಮೂರು ರನ್ನ ಬೆಳಗಲಿ. ಮುಧೋಳ ತಾಲೂಕಿನ, ಕವಿಯ ಹೆಸರನ್ನು ತನ್ನ ಹೆಸರಿನೊಳಗೇ ಇಟ್ಟುಕೊಂಡ ಊರು. ಎತ್ತ ನೋಡಿದರೂ ಕಬ್ಬು. ಅಪ್ಪನಿಗೆ ಮೂರು ಎಕರೆ ಕಬ್ಬಿದೆ, ಒಂದು ಬಟನ್ ಫೋನಿದೆ. ಹಂಗಾಮು ಶುರುವಾಯಿತೆಂದರೆ ಆ ಫೋನು ಅಂಗಿಯ ಕಿಸೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕಬ್ಬಿನ ಗಾಡಿ ಫ್ಯಾಕ್ಟರಿಯ ಕಾಟಾ ಹತ್ತಿ ಇಳಿದ ಮೇಲೆ ಅದಕ್ಕೊಂದು ಮೆಸೇಜ್ ಬರುತ್ತದೆ, ಇಷ್ಟು ಟನ್ ಎಂದು. ತೂಕದಲ್ಲಿ ಹೊಡೆಯುತ್ತಾರೆ ಎಂಬ ಅನುಮಾನ ಕಬ್ಬು ಬೆಳೆಯುವವರಲ್ಲಿ ಬಹಳ ಹಳೆಯದು. ಹಾಗಾಗಿ ಆ ಮೆಸೇಜ್ ಬರೀ ಸುದ್ದಿಯಲ್ಲ, ವರ್ಷದ ದುಡಿಮೆಗೆ ಸಿಕ್ಕ ಮೊದಲ ಲೆಕ್ಕ.

ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸ ಇಂಥ ಮೆಸೇಜುಗಳ ಹಿಂದಿನದು. ಒಂದು ಪ್ರೋಗ್ರಾಮ್ ಹೇಳಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ನಡುವಿನ ತಂತ್ರಾಂಶಕ್ಕೆ ಮೆಸೇಜಿಂಗ್ ಮಿಡಲ್‌ವೇರ್ ಎನ್ನುತ್ತಾರೆ. ಅಂಚೆ ಕಚೇರಿ ಎಂದುಕೊಳ್ಳಿ. ಕಾಗದ ಹಾಕುವವರು, ಪಡೆಯುವವರು ಕ್ಲೈಂಟ್‌ಗಳು. ನಡುವೆ ಕೂತು ವಿಂಗಡಿಸಿ ಕೊಡುವುದು ಬ್ರೋಕರ್. ನಾವು ಬಳಸುವ ಬ್ರೋಕರಿನ ಹೆಸರು ಕಾಫ್ಕಾ. ಹೌದು, ಅದೇ ಕಾಫ್ಕಾ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ಈ ತಂತ್ರಾಂಶಕ್ಕೆ ಅದನ್ನು ಕಟ್ಟಿದವರಲ್ಲೊಬ್ಬರಾದ ಜೇ ಕ್ರೆಪ್ಸ್ ತಮ್ಮ ಮೆಚ್ಚಿನ ಲೇಖಕನ ಹೆಸರಿಟ್ಟರು. 1919ರಲ್ಲಿ ಪ್ರಕಟವಾದ ಕಾಫ್ಕಾನ ಒಂದು ಪುಟ್ಟ ಕಥೆಯಲ್ಲಿ, ಸಾಯುತ್ತಿರುವ ಚಕ್ರವರ್ತಿ ಒಬ್ಬ ಸಾಮಾನ್ಯ ಪ್ರಜೆಗೆ ಸಂದೇಶ ಕಳಿಸುತ್ತಾನೆ. ದೂತ ಗಟ್ಟಿಮುಟ್ಟಾಗಿದ್ದಾನೆ, ಆದರೂ ಅರಮನೆಯ ಅಂಗಳಗಳನ್ನೇ ದಾಟಲಾರ. ಸಂದೇಶ ಎಂದಿಗೂ ತಲುಪುವುದಿಲ್ಲ. ನಮ್ಮ ಆಫೀಸಿನಲ್ಲಿ ಇದೊಂದು ಹಳೆಯ ಜೋಕು. ಹೋದ ಹಂಗಾಮಿನ ನಂತರ ನಾನು ಅದಕ್ಕೆ ನಗುತ್ತಿಲ್ಲ.

2025ರ ಮಾರ್ಚ್‌ನಲ್ಲಿ ಕಾಫ್ಕಾದ 4.0 ಆವೃತ್ತಿ ಬಂತು. ಹಳೆಯ ಭಾರ ಇಳಿಸಿಕೊಂಡ ಆವೃತ್ತಿ ಅದು. 2018ರ 2.1ಕ್ಕಿಂತ ಹಿಂದಿನ ಕ್ಲೈಂಟ್‌ಗಳ ಮಾತನ್ನು ಅದು ಕೇಳುವುದಿಲ್ಲ. ಆದ್ದರಿಂದ ಬ್ರೋಕರ್ ಬದಲಿಸುವ ಮುಂಚೆ ಹಳೆಯ ಕ್ಲೈಂಟ್‌ಗಳು ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಬೇಕು. ನೋಡುವ ದಾರಿಯೂ ಇದೆ: ಹಳೆಯ ಧಾಟಿಯಲ್ಲಿ ಬರುವ ಕೋರಿಕೆಗಳನ್ನು ಈಚಿನ 3.x ಬ್ರೋಕರುಗಳು ಎಣಿಸಿ ತೋರಿಸುತ್ತವೆ. ಆಗಸ್ಟ್‌ನಲ್ಲಿ ನಾನು ಎರಡು ವಾರ ಆ ಎಣಿಕೆಯನ್ನು ಕಾದು ನೋಡಿದೆ. ಸೊನ್ನೆ. ಪಟ್ಟಿಯಲ್ಲಿ 'ಹಳೆಯ ಕ್ಲೈಂಟ್: ಇಲ್ಲ' ಎಂದು ಬರೆದು ಸಹಿ ಹಾಕಿದೆ. ಒಂದು ಶನಿವಾರ ರಾತ್ರಿ ಬ್ರೋಕರ್ ಬದಲಾಯಿತು. ಪರದೆಯ ಮೇಲೆ ಎಲ್ಲವೂ ಹಸಿರು.

ನವೆಂಬರ್‌ನಲ್ಲಿ ಫೋನು ಬಂತು. ನಮ್ಮ ಗ್ರಾಹಕರಲ್ಲಿ ಒಂದು ಸಕ್ಕರೆ ಕಾರ್ಖಾನೆಯೂ ಇತ್ತು. ನಮ್ಮ ಕಡೆಯದಲ್ಲ, ಬೇರೆ ಜಿಲ್ಲೆಯದು. "ಸರ್, ಎರಡು ದಿನದಿಂದ ರೈತರಿಗೆ ತೂಕದ ಮೆಸೇಜ್ ಹೋಗಿಲ್ಲ. ಕಾಟಾದಾಗ ಏನೋ ಕಿತಾಪತಿ ನಡದೈತಿ ಅಂತ ಗಾಡಿ ಬಿಟ್ಟು ಗೇಟಿನ ಮುಂದ ಕುಂತಾರ."

ಕಾಟಾದ ಕೋಣೆಯ ಕಂಪ್ಯೂಟರಿನಲ್ಲಿ ಯಾರೋ ಎಂದೋ ಬರೆದ ಪ್ರೋಗ್ರಾಮ್ ಇತ್ತು. ಅದರ ಕ್ಲೈಂಟ್ 2.1ಕ್ಕಿಂತ ಹಿಂದಿನದು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಚೀಟಿ ಮುದ್ರಣ ನಡೆಯುತ್ತಿತ್ತು, ತೂಕ ಸರಿಯಾಗಿಯೇ ಇತ್ತು, ಮೆಸೇಜ್ ಮಾತ್ರ ಬ್ರೋಕರಿನ ಬಾಗಿಲಲ್ಲಿ ತಿರಸ್ಕೃತವಾಗುತ್ತಿತ್ತು. ಹಾಗಾದರೆ ಆಗಸ್ಟ್‌ನಲ್ಲಿ ನನಗೇಕೆ ಕಾಣಲಿಲ್ಲ? ಆಗಸ್ಟ್‌ನಲ್ಲಿ ಆ ಕಂಪ್ಯೂಟರ್ ಆರಿಸಿಟ್ಟಿತ್ತು. ಕಬ್ಬು ಇನ್ನೂ ಹೊಲದಲ್ಲಿತ್ತು.

ಹಿಂದಿನ ಆವೃತ್ತಿಗೆ ಮರಳುವುದು ಸುಲಭವಿರಲಿಲ್ಲ. ಆ ರಾತ್ರಿ ಹಳೆಯ ಆವೃತ್ತಿಯ ಒಂದು ಸಣ್ಣ ಬ್ರೋಕರ್ ಎಬ್ಬಿಸಿ ಕಾಟಾದ ಕಂಪ್ಯೂಟರನ್ನು ಅದಕ್ಕೆ ಜೋಡಿಸಿದೆವು. ಅದು ಹಳೆಯ ಧಾಟಿಯಲ್ಲಿ ಕೇಳಿಸಿಕೊಂಡು ಹೊಸ ಧಾಟಿಯಲ್ಲಿ ಮುಂದಕ್ಕೆ ಹೇಳುತ್ತಿತ್ತು. ನಡುರಾತ್ರಿ ಅದರ ಮುಂದೆ ಕೂತಿದ್ದಾಗ ನನಗೆ ಊರಿನ ಕನ್ನಡ ಮೇಷ್ಟ್ರು ನೆನಪಾದರು. ಗದಾಯುದ್ಧದ ಹಳಗನ್ನಡ ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವರು ಪದ್ಯವನ್ನು ಬಿಡಿಸಿ, ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಸಾವಿರ ವರ್ಷದ ಹಿಂದಿನ ರನ್ನ ಅವನದೇ ಊರಿನ ಹುಡುಗರಿಗೆ ತಲುಪಬೇಕಾದರೂ ನಡುವೆ ಒಬ್ಬರು ನಿಲ್ಲಬೇಕಾಗಿತ್ತು.

ಮರುದಿನ ಕ್ಲೈಂಟನ್ನೇ ಬದಲಿಸಲು ಹೋದರೆ ಇನ್ನೊಂದು ತೊಡಕು. 4.0ರ ಕ್ಲೈಂಟ್‌ಗೆ ಜಾವಾ 11 ಬೇಕು. ಕಾಟಾದ ಕಂಪ್ಯೂಟರಿನಲ್ಲಿದ್ದದ್ದು ಜಾವಾ 8. ಕೊನೆಗೆ 3.9ರ ಕ್ಲೈಂಟ್ ಹಾಕಿದೆವು. ಅದು ಜಾವಾ 8ರಲ್ಲೂ ಓಡುತ್ತದೆ, 4.0ರ ಬ್ರೋಕರ್ ಜೊತೆಗೂ ಮಾತಾಡುತ್ತದೆ. ಇಷ್ಟು ಸರಳ ಕೆಲಸವನ್ನು ಆಗಸ್ಟ್‌ನಲ್ಲೇ ಮಾಡಬಹುದಿತ್ತು, ಕೇಳಿದ್ದರೆ.

ತಡೆದಿದ್ದ ಮೆಸೇಜುಗಳೆಲ್ಲ ಹೋದವು. ಜನ ಗಾಡಿ ಹತ್ತಿದರು. ಆದರೆ ಅವರು ಪೂರ್ತಿ ನಂಬಿದರೆಂದು ನನಗನಿಸುವುದಿಲ್ಲ. "ಸಾಫ್ಟ್‌ವೇರ್ ತೊಂದರೆ" ಎಂಬುದು ಗೇಟಿನ ಹೊರಗೆ ನಿಂತವರಿಗೆ ಯಾವ ಕಾಲಕ್ಕೂ ನೆಪದಂತೆಯೇ ಕೇಳುತ್ತದೆ. ಆ ಗುಂಪಿನಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ದೀಪಾವಳಿಗೆ ಹೋಗಲಾಗದವನು ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಅಪ್ಪನಿಗೆ ಎಲ್ಲ ಹೇಳಿದೆ. ಬ್ರೋಕರ್, ಆವೃತ್ತಿ, ಎರಡು ವಾರದ ಸೊನ್ನೆ. ಅವನು ಕೊನೆತನಕ ಕೇಳಿ ಒಂದೇ ಮಾತು ಕೇಳಿದ: "ಅಲ್ಲೋ ತಮ್ಮಾ, ಫ್ಯಾಕ್ಟರಿ ಯಾವಾಗ ಚಾಲೂ ಆಗ್ತೈತಿ ಅಂತ ನಿನಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ನಡೆಯಲು ಕಲಿತಾಗಿನಿಂದ ಗೊತ್ತಿತ್ತು. ಗ್ರಾಹಕರ ಪಟ್ಟಿಯಲ್ಲಿ ಸಕ್ಕರೆ ಕಾರ್ಖಾನೆಯ ಹೆಸರನ್ನೂ ಓದಿದ್ದೆ. ಆದರೆ ಪರದೆಯ ಮುಂದೆ ಕೂತವನು ಕಬ್ಬಿನವರ ಮಗನಾಗಿರಲಿಲ್ಲ, ಬರೀ ಎಣಿಕೆ ನೋಡುವವನಾಗಿದ್ದ. ಮಾತಾಡದವರು ಇಲ್ಲವೇ ಇಲ್ಲ ಎಂದುಕೊಂಡಿದ್ದ.

ಈಗ ನನ್ನ ಪಟ್ಟಿಯಲ್ಲಿ ಎರಡು ಕಾಲಂ ಹೆಚ್ಚಿವೆ. ಈ ಕ್ಲೈಂಟ್ ವರ್ಷದ ಯಾವ ತಿಂಗಳು ಕೆಲಸ ಮಾಡುತ್ತದೆ ಎನ್ನುವುದು ಒಂದು. ಅದರ ಪಕ್ಕದಲ್ಲಿ ದಿನವೂ ಕೂರುವ ಮನುಷ್ಯ ಯಾರು ಎನ್ನುವುದು ಇನ್ನೊಂದು. ಅವರಿಗೆ ನಾನೇ ಫೋನ್ ಮಾಡುತ್ತೇನೆ. ಶಾಲೆಯ ಫೀಸಿನ ಪ್ರೋಗ್ರಾಮ್ ಜೂನ್‌ನಲ್ಲಿ ಏಳುತ್ತದೆ, ಲೆಕ್ಕಪತ್ರದ್ದು ಮಾರ್ಚ್ ಕೊನೆಗೆ. ಇವು ಯಾವ ಲಾಗಿನಲ್ಲೂ ಎರಡು ವಾರದಲ್ಲಿ ಸಿಗುವುದಿಲ್ಲ. ಕೇಳಿದರೆ ಎರಡು ನಿಮಿಷದಲ್ಲಿ ಸಿಗುತ್ತವೆ.

ಊರಿನಿಂದ ಹೊರಡುವ ದಿನ ಅಪ್ಪನ ಫೋನು ಸದ್ದು ಮಾಡಿತು. ಚಾಳೀಸು ಹುಡುಕುತ್ತ ಫೋನನ್ನು ನನ್ನ ಕೈಗೆ ಕೊಟ್ಟ. ತೂಕ ಓದಿದೆ. "ಇನ್ನೊಮ್ಮೆ ಓದು" ಎಂದ. ಇನ್ನೊಮ್ಮೆ ಓದಿದೆ.