ಹಗ್ಗ ಸಡಿಲಿಸುವ ಗಳಿಗೆ

ಎರಡು ವರ್ಷದ ಎಳೆಗುದುರೆ ದುಂಡು ದೊಡ್ಡಿಯ ನಡುವೆ ನಾಲ್ಕೂ ಕಾಲು ಊರಿ ನಿಂತಿದೆ. ಮೈತೂಕ 400 ಕಿಲೋದ ಆಸುಪಾಸು. ಎದುರಿಗೆ ಹಗ್ಗ ಹಿಡಿದ ಹುಡುಗ. ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದವನು, ಅವನ ತೂಕ ಅದರ ಐದರಲ್ಲೊಂದು ಪಾಲೂ ಇಲ್ಲ. ಅವನು ಎಳೆಯುತ್ತಾನೆ, ಅದು ಕತ್ತು ಬಿಗಿದು ಹಿಂದಕ್ಕೆ ಜಗ್ಗುತ್ತದೆ. ಇನ್ನಷ್ಟು ಎಳೆಯುತ್ತಾನೆ, ಅಂಗೈ ಉರಿಯತೊಡಗುತ್ತದೆ. ಕೊನೆಗೊಮ್ಮೆ ಕುದುರೆ ಮೈಭಾರವನ್ನು ಕೂದಲೆಳೆಯಷ್ಟು ಮುಂದಕ್ಕೆ ತರುತ್ತದೆ. “ಬಿಡು!” ಎನ್ನುತ್ತಾನೆ ಬೇಲಿಯ ಮೇಲೆ ಕುಳಿತ ಹಿರಿಯ. ಹುಡುಗ ಹಗ್ಗ ಸಡಿಲಿಸುವಷ್ಟರಲ್ಲಿ ಕುದುರೆ ಮತ್ತೆ ಹಿಂದಕ್ಕೆ ಜಗ್ಗಿಯಾಗಿದೆ.

“ತಡವಾಯ್ತು ಕಣೋ. ಜಗ್ಗಿದರೆ ಹಗ್ಗ ಸಡಿಲ ಆಗುತ್ತೆ ಅಂತ ಈಗ ನೀನೇ ಅದಕ್ಕೆ ಪಾಠ ಹೇಳಿಕೊಟ್ಟೆ.”

ಅಮೆರಿಕದ ನೆವಾಡಾ, ವಯೋಮಿಂಗ್, ಮೊಂಟಾನಾಗಳ ದನದ ರ‍್ಯಾಂಚುಗಳಲ್ಲಿ ಎಳೆಗುದುರೆ ಪಳಗಿಸಲು ಕಲಿಯುವವರೆಲ್ಲ ದಾಟಬೇಕಾದ ಗಳಿಗೆ ಇದು. ಎಳೆತದಿಂದ ಕುದುರೆ ಕಲಿಯುವುದಿಲ್ಲ, ಎಳೆತ ನಿಂತ ಕ್ಷಣದಿಂದ ಕಲಿಯುತ್ತದೆ. ಒತ್ತಡ ತಪ್ಪಿದಾಗ ತಾನು ಏನು ಮಾಡುತ್ತಿತ್ತೋ ಅದನ್ನೇ ಸರಿಯೆಂದು ನೆನಪಿಟ್ಟುಕೊಳ್ಳುತ್ತದೆ. ಸಡಿಲಿಕೆ ಒಂದೆರಡು ಸೆಕೆಂಡು ತಡವಾದರೂ ಪಾಠ ತಿರುವುಮುರುವು. ಹಗ್ಗ ಹಿಡಿಯುವುದನ್ನು ಒಂದು ಬೆಳಿಗ್ಗೆಯಲ್ಲಿ ಕಲಿಯಬಹುದು. ಬಿಡುವುದನ್ನು ಕಲಿಯಲು ವರ್ಷಗಳು ಬೇಕು.

ಕುದುರೆ ಹೀಗೇಕೆ ಎಂಬುದಕ್ಕೆ ಉತ್ತರ ಅದರ ಮೈಯಲ್ಲೇ ಇದೆ. ಅದು ಹುಲ್ಲು ಮೇಯುವ, ಬೇಟೆಗೆ ಸಿಗುವ ಪ್ರಾಣಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮರಿ ಎದ್ದು ನಿಲ್ಲುತ್ತದೆ. ನಿಲ್ಲದ ಮರಿಗೆ ಬಯಲಿನಲ್ಲಿ ಉಳಿವಿಲ್ಲ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ಹಿಂಭಾಗ. ಮನುಷ್ಯ ನೇರವಾಗಿ ಹಣೆ ಮುಟ್ಟಲು ಕೈ ಚಾಚಿದರೆ ಕುದುರೆ ಬೆಚ್ಚಿ ತಲೆ ಎತ್ತುವುದು ಅದಕ್ಕೇ. ಬೆನ್ನಿನ ಮೇಲೆ ನೊಣ ಕೂತರೂ ಆ ಜಾಗದ ಚರ್ಮವಷ್ಟೇ ಅದುರಿ ನೊಣವನ್ನು ಕೊಡವುತ್ತದೆ. ಅಂಥ ಚರ್ಮದ ಮೇಲೆ ಒಂದು ದಿನ ಜೀನು ಬೀಳಬೇಕು, ಹೊಟ್ಟೆಯ ಸುತ್ತ ಪಟ್ಟಿ ಬಿಗಿಯಬೇಕು. ಆಮೇಲೆ ಚಿರತೆ ನೆಗೆಯುವ ಜಾಗದಲ್ಲೇ, ಬೆನ್ನಿನ ಮೇಲೆಯೇ, ಮನುಷ್ಯ ಹತ್ತಿ ಕೂರಬೇಕು. ಎಳೆಗುದುರೆಯಿಂದ ಕೇಳುತ್ತಿರುವುದು ಎಷ್ಟು ದೊಡ್ಡದು ಎಂದು ಇಷ್ಟರಿಂದ ತಿಳಿಯುತ್ತದೆ.

ಇದನ್ನು ಕೇಳುವ ವ್ಯವಧಾನ ಹಿಂದಿನವರಿಗೆ ಇರಲಿಲ್ಲ. ಕುದುರೆ ಪಳಗಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿದ್ದ ಹೆಸರೇ ‘ಮುರಿಯುವುದು’. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನಿಂದ ಉತ್ತರಕ್ಕೆ ಲಕ್ಷಗಟ್ಟಲೆ ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲ ಅದು. ಒಬ್ಬೊಬ್ಬ ದನಗಾಹಿಗೂ ಸರದಿಯ ಮೇಲೆ ಏರಲು ಹಲವು ಕುದುರೆಗಳು ಬೇಕಾಗುತ್ತಿದ್ದವು. ಎಳೆಯವನ್ನು ಮೂರು ನಾಲ್ಕು ವರ್ಷ ಬಯಲಿಗೆ ಬಿಟ್ಟು, ಒಂದು ದಿನ ಹಗ್ಗ ಬೀಸಿ ಹಿಡಿದು, ಕಂಬಕ್ಕೆ ಬಿಗಿದು, ಕಣ್ಣಿಗೆ ಬಟ್ಟೆ ಕಟ್ಟಿ ಜೀನು ಹಾಕುತ್ತಿದ್ದರು. ಅದು ನೆಗೆದು ನೆಗೆದು ಸೋತು ನಿಲ್ಲುವವರೆಗೂ ಸವಾರ ಇಳಿಯುತ್ತಿರಲಿಲ್ಲ. ಊರೂರು ತಿರುಗಿ ಈ ಕೆಲಸ ಮಾಡುವವರಿಗೆ ಕೂಲಿ ತಲೆಲೆಕ್ಕದಲ್ಲಿ. ಹೆಚ್ಚು ಕುದುರೆ ಮುರಿದರೆ ಹೆಚ್ಚು ದುಡ್ಡು. ಶಿಲ್ಪಿ ಫ್ರೆಡರಿಕ್ ರೆಮಿಂಗ್ಟನ್ 1895ರಲ್ಲಿ ಮಾಡಿದ ‘ಬ್ರಾಂಕೋ ಬಸ್ಟರ್’ ಕಂಚಿನ ಪ್ರತಿಮೆಯಲ್ಲಿ ಹಿಂಗಾಲ ಮೇಲೆ ಎದ್ದ ಕುದುರೆಯೂ ಅದನ್ನು ಬಿಡದೆ ಕಚ್ಚಿ ಕೂತ ಸವಾರನೂ ಇದ್ದಾರೆ. ಅಮೆರಿಕದ ಕಲ್ಪನೆಯಲ್ಲಿ ವೀರನೆಂದರೆ ಆ ಸವಾರ. ಕುದುರೆಯ ಮುಖದಲ್ಲಿರುವ ದಿಗಿಲನ್ನು ಬಹುಕಾಲ ಯಾರೂ ನೋಡಲಿಲ್ಲ.

ಕನ್ನಡದ ‘ಪಳಗಿಸು’ ಎಂಬ ಮಾತಿನಲ್ಲಿ ಮುರಿಯುವಂಥದ್ದು ಏನೂ ಇಲ್ಲ. ಪಳಗುವುದೆಂದರೆ ಒಗ್ಗುವುದು, ರೂಢಿಯಾಗುವುದು. ಹೊಸ ಹೋರಿಯನ್ನು ಅನುಭವಿ ಎತ್ತಿನ ಜೋಡಿ ಮಾಡಿ ನೊಗಕ್ಕೆ ಹೂಡುವ ರೈತನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ರ‍್ಯಾಂಚುಗಳಲ್ಲೂ ಇಂಥದೇ ರೂಢಿಯಿದೆ: ಸಾಧು ಕುದುರೆಯ ಮೇಲೆ ಕೂತು, ಎಳೆಯದನ್ನು ಪಕ್ಕದಲ್ಲಿ ಹಗ್ಗ ಹಿಡಿದು ನಡೆಸುತ್ತಾರೆ. ಹಳ್ಳ ದಾಟುವಾಗ ದೊಡ್ಡದು ಹೆದರದಿದ್ದರೆ ಚಿಕ್ಕದಕ್ಕೂ ಧೈರ್ಯ ಬರುತ್ತದೆ.

ತಾಳ್ಮೆಯ ಇನ್ನೊಂದು ದಾರಿ ಅಮೆರಿಕದ ಪಶ್ಚಿಮಕ್ಕೆ ಸ್ಪ್ಯಾನಿಷ್ ಮಾತಿನ ಜೊತೆ ಬಂತು. 1769ರಿಂದ ಕ್ಯಾಲಿಫೋರ್ನಿಯಾದಲ್ಲಿ ಸ್ಪೇನಿನ ಮಿಷನ್‌ಗಳು ತಲೆ ಎತ್ತಿದವು, ಅವುಗಳ ದನ ಕಾಯುವವರು ‘ವಕೇರೋ’ಗಳಾದರು. ಆ ಹೆಸರೇ ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ‘ಬಕರೂ’ ಆಯಿತು. ಇವರು ಎಳೆಗುದುರೆಯ ಬಾಯಿಗೆ ಕಬ್ಬಿಣ ಹಾಕುತ್ತಿರಲಿಲ್ಲ. ಹಸಿದೊಗಲನ್ನು ಹೆಣೆದು ಮಾಡಿದ ‘ಬೊಸಾಲ್’ ಎಂಬ ಬಳೆಯನ್ನು ಮೂಗಿನ ಮೇಲೆ ಕೂರಿಸಿ, ಕುದುರೆ ಕೂದಲಲ್ಲಿ ಹೊಸೆದ ‘ಮೆಕಾತೆ’ ಹಗ್ಗವನ್ನು ಲಗಾಮಾಗಿ ಕಟ್ಟುತ್ತಿದ್ದರು. ಇದರ ಹಿಂದೆ ಗಟ್ಟಿಯಾದ ತಿಳಿವಳಿಕೆ ಇತ್ತು. ಎರಡೂವರೆ ವರ್ಷದಿಂದ ಸುಮಾರು ಐದರವರೆಗೆ ಕುದುರೆಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುತ್ತದೆ, ವಸಡು ನೋಯುತ್ತಿರುತ್ತದೆ. ಆ ವರ್ಷಗಳನ್ನು ಬೊಸಾಲಿನಲ್ಲೇ ಕಳೆದು, ಮುಂದೆ ಬೊಸಾಲ್ ಮತ್ತು ಕಡಿವಾಣ ಎರಡನ್ನೂ ಒಟ್ಟಿಗೆ ಹಾಕಿ ರೂಢಿ ಮಾಡಿಸಿ, ಕೊನೆಗೆ ಕಡಿವಾಣವೊಂದನ್ನೇ ಉಳಿಸುತ್ತಿದ್ದರು. ಕುದುರೆ ಪೂರ್ತಿ ತಯಾರಾಗಲು ಐದಾರು ವರ್ಷ ಹಿಡಿಯುತ್ತಿತ್ತು. ಆಗ ಲಗಾಮು ಹಿಡಿದ ಕೈಯ ಕಿರುಬೆರಳು ಅಲುಗಿದರೂ ಅದಕ್ಕೆ ತಿಳಿಯುತ್ತಿತ್ತು.

ಮೂಳೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಕುದುರೆಯ ಮೂಳೆಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತ ಹೋಗುತ್ತವೆ. ಗೊರಸಿನ ಹತ್ತಿರದವು ಮೊದಲು, ಸವಾರನನ್ನು ಹೊರುವ ಬೆನ್ನೆಲುಬು ಎಲ್ಲಕ್ಕಿಂತ ಕೊನೆಗೆ, ಐದು ವರ್ಷ ದಾಟಿದ ಮೇಲೆ. ಎರಡು ವರ್ಷದ ಕುದುರೆ ನೋಡಲು ದೊಡ್ಡದೇ. ಆದರೆ ಒಳಗೆ ಅದು ಇನ್ನೂ ಮಗು.

ಈ ಹಳೆಯ ತಾಳ್ಮೆಗೆ 20ನೆಯ ಶತಮಾನದಲ್ಲಿ ಮತ್ತೆ ಜೀವ ಕೊಟ್ಟವರಲ್ಲಿ ಟಾಮ್ ಡಾರೆನ್ಸ್ ದೊಡ್ಡ ಹೆಸರು. ಆರೆಗಾನ್ ರಾಜ್ಯದ ರ‍್ಯಾಂಚ್ ಕುಟುಂಬದಲ್ಲಿ 1910ರಲ್ಲಿ ಹುಟ್ಟಿದ ಈ ಮಿತಭಾಷಿ, ತನಗೆ ಗೊತ್ತಿರುವುದನ್ನೆಲ್ಲ ಕುದುರೆಗಳೇ ಕಲಿಸಿದವು ಎನ್ನುತ್ತಿದ್ದರು. ಅವರ ಅಣ್ಣ ಬಿಲ್ ಡಾರೆನ್ಸ್ ಕೂಡ ಅದೇ ದಾರಿಯವರು. 1960ರ ಸುಮಾರಿಗೆ ರೇ ಹಂಟ್ ಎಂಬ ದನಗಾಹಿ, ಹೊಂಡೋ ಎಂಬ ತಂಟೆಕೋರ ಕುದುರೆಯ ಜೊತೆ ಏಗಿ ಏಗಿ ಸಾಕಾಗಿ, ನೆವಾಡಾದ ಎಲ್ಕೋ ಊರಿನಲ್ಲಿ ಟಾಮ್ ಅವರನ್ನು ಕಂಡರು. ಹಂಟ್ ಅಲ್ಲಿಂದ ಕಲಿತದ್ದು ಹೊಂಡೋವನ್ನು ಗೆಲ್ಲುವ ಪಟ್ಟನ್ನಲ್ಲ, ಅದು ಒದೆಯುವ ಮೊದಲು ಏನನ್ನು ಹೇಳುತ್ತಿದೆ ಎಂದು ಕೇಳುವುದನ್ನು. ಮುಂದೆ ದಶಕಗಳ ಕಾಲ ಅವರು ದೇಶ ದೇಶ ತಿರುಗಿ ಶಿಬಿರ ನಡೆಸಿದರು. ತಾನು ಬಂದಿರುವುದು ಜನರಿಗಾಗಿ ಅಲ್ಲ, ಕುದುರೆಗಾಗಿ ಎಂದು ಶಿಬಿರದ ಮೊದಲಲ್ಲೇ ಹೇಳಿಬಿಡುತ್ತಿದ್ದರು. ಇವರ ಬಳಗದಲ್ಲಿ ಕೆಲಸದ ಹೆಸರೂ ಬದಲಾಯಿತು. ‘ಮುರಿಯುವುದು’ ಹೋಗಿ ‘ಶುರು ಮಾಡುವುದು’ ಬಂತು.

ಹಂಟ್ ಅವರ ಶಿಷ್ಯರಲ್ಲಿ ಬಕ್ ಬ್ರಾನಮನ್ ಒಬ್ಬರು. ಬಾಲ್ಯದಲ್ಲಿ ತಂದೆಯ ಕೈಯಲ್ಲಿ ತಿಂದ ಏಟುಗಳನ್ನು, ತನ್ನನ್ನು ಮಡಿಲಿಗೆ ಹಾಕಿಕೊಂಡ ಸಾಕುಕುಟುಂಬವನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ, 2011ರ ‘ಬಕ್’ ಸಾಕ್ಷ್ಯಚಿತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೂಲೆಯಲ್ಲಿ ಮುದುಡಿ ನಿಂತು ಮುಂದಿನ ಏಟು ಯಾವ ಕಡೆಯಿಂದ ಬರುತ್ತದೋ ಎಂದು ಕಾಯುವುದು ಹೇಗಿರುತ್ತದೆ ಎಂದು ಬಲ್ಲ ಮನುಷ್ಯ ಅವರು. ದೊಡ್ಡಿಯ ಮೂಲೆಯಲ್ಲಿ ನಡುಗುತ್ತ ನಿಂತ ಕುದುರೆಯನ್ನು ಅವರು ನೋಡುವ ನೋಟಕ್ಕೆ ಆ ಅನುಭವದ ಬೆಲೆಯಿದೆ.

ದುಂಡು ದೊಡ್ಡಿಯಲ್ಲಿ ಹಗ್ಗ ಹಿಡಿದ ಹುಡುಗನ ಕಲಿಕೆಯೂ ಈ ದಾರಿಯಲ್ಲೇ ಸಾಗುತ್ತದೆ. ಹಗ್ಗಕ್ಕೆ ಒಗ್ಗಿದ ಮೇಲೆ ಕೋಲಿನ ತುದಿಗೆ ಕಟ್ಟಿದ ಬಟ್ಟೆಯ ಬಾವುಟ. ಅದನ್ನು ಮೈಯೆಲ್ಲ ಸವರಿ, ಕುದುರೆ ಬೆಚ್ಚದೆ ನಿಂತ ಕೂಡಲೇ ತೆಗೆದುಬಿಡಬೇಕು. ಎಡಗಡೆ ಒಪ್ಪಿದ್ದನ್ನು ಬಲಗಡೆಯೂ ಒಪ್ಪುತ್ತದೆಂದು ನಂಬುವಂತಿಲ್ಲ; ಎರಡು ಕಣ್ಣಿಗೂ ಬೇರೆ ಬೇರೆಯಾಗಿ ತೋರಿಸಬೇಕು. ಕಾಲು ಎತ್ತಿಸಿ ಗೊರಸು ಮುಟ್ಟಬೇಕು. ಆಮೇಲೆ ಕಂಬಳಿ, ಜೀನು, ಹೊಟ್ಟೆಯ ಪಟ್ಟಿ. ಪಟ್ಟಿಯನ್ನು ಒಮ್ಮೆಲೇ ಬಿಗಿದರೆ ಕುದುರೆ ನೆಗೆಯುತ್ತದೆ, ಸಡಿಲ ಬಿಟ್ಟರೆ ಜೀನು ಹೊಟ್ಟೆಯಡಿಗೆ ಜಾರಿ ಇನ್ನೂ ದೊಡ್ಡ ಅನಾಹುತ. ರಿಕಾಪಿಗೆ ಒಂದು ಕಾಲಿಟ್ಟು ಅರ್ಧ ಏರಿ, ಇಳಿದು, ಮತ್ತೆ ಏರಿ ಇಳಿದು, ಹತ್ತು ಹಲವು ಸಲದ ಬಳಿಕ ಒಮ್ಮೆ ಬಲಗಾಲು ಆಚೆ ಹೋಗುತ್ತದೆ. ಅಷ್ಟು ಹೊತ್ತೂ ಅವನು ನೋಡಬೇಕಾದದ್ದು ಸಣ್ಣ ಸಣ್ಣ ಸಂಗತಿಗಳನ್ನು: ಕಿವಿ ಎತ್ತ ತಿರುಗಿದೆ, ಮೂಗಿನ ಹೊಳ್ಳೆ ಬಿಗಿದಿದೆಯೇ, ಉಸಿರು ನಿಂತಿದೆಯೇ. ಕುದುರೆ ತುಟಿ ನೆಕ್ಕಿ ಬಾಯಿ ಚಪ್ಪರಿಸಿದರೆ ಹಿರಿಯನ ಮುಖ ಅರಳುತ್ತದೆ. ಬಿಗುವು ಇಳಿಯಿತು ಎಂದು ಅವನು ಓದಿಕೊಳ್ಳುವುದು ಆ ಗುರುತಿನಿಂದ.

ಈ ಕಲಿಕೆ ತಲುಪಿರುವ ಅತ್ಯಂತ ಅನಿರೀಕ್ಷಿತ ಜಾಗ ಸೆರೆಮನೆ. ಬಯಲಿನಲ್ಲಿ ಅಲೆಯುವ ಮಸ್ಟಾಂಗ್ ಕುದುರೆಗಳಿಗೆ ಅಮೆರಿಕದ 1971ರ ಕೇಂದ್ರ ಕಾನೂನು ರಕ್ಷಣೆ ಕೊಟ್ಟಿತು. ಸಂಖ್ಯೆ ಬೆಳೆದು ಮೇವು ನೀರು ಸಾಲದಾದಾಗ ಸರ್ಕಾರ ಒಂದಿಷ್ಟನ್ನು ಹಿಡಿಯುತ್ತದೆ. ಹಿಡಿದವುಗಳಿಗೆ ಮನೆ ಸಿಗಬೇಕಾದರೆ ಅವು ಪಳಗಬೇಕು. 1980ರ ದಶಕದಿಂದ ಕೊಲೊರಾಡೊ ಮತ್ತು ವಯೋಮಿಂಗ್‌ನಲ್ಲಿ, 2000ದಿಂದ ನೆವಾಡಾದ ಕಾರ್ಸನ್ ಸಿಟಿಯಲ್ಲಿ ಕೈದಿಗಳು ಆ ಕೆಲಸ ಮಾಡಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಅದಕ್ಕೆ ಮುಂಚೆ ಕುದುರೆಯನ್ನು ಮುಟ್ಟಿದವರೇ ಅಲ್ಲ. ಸಿಟ್ಟಿನಿಂದ ಒಳಗೆ ಬಂದವರು ಸಿಟ್ಟು ತೋರಿಸಿದರೆ ಕುದುರೆ ದೊಡ್ಡಿಯ ಆಚೆ ತುದಿಗೆ ಓಡುತ್ತದೆ. ಅದನ್ನು ಮತ್ತೆ ಹತ್ತಿರ ಕರೆಯಲು ಇಡೀ ದಿನ ಬೇಕಾಗುತ್ತದೆ. ಅಲ್ಲಿ ಪಳಗಿದ ಕೆಲವು ಕುದುರೆಗಳು ಮೆಕ್ಸಿಕೋ ಗಡಿಯ ಕಾವಲು ಪಡೆಗೆ ಸೇರಿ, ಗುಡ್ಡಗಾಡಿನಲ್ಲಿ ಸವಾರರನ್ನು ಹೊತ್ತು ತಿರುಗಿವೆ.

ಕಾರ್ಸನ್ ಸಿಟಿಯಲ್ಲಿ ಒಂದು ಕುದುರೆಗೆ ಸುಮಾರು ನಾಲ್ಕು ತಿಂಗಳು ಸಿಗುತ್ತಿತ್ತು. ಆಮೇಲೆ ಹರಾಜು. ಅಂಥ ಒಂದು ಹರಾಜಿನ ದಿನ ಸೆರೆಮನೆಯ ಅಂಗಳಕ್ಕೆ ಊರಿನ ಜನ ಬಂದು ಕೂರುತ್ತಾರೆ. ಪಳಗಿಸಿದವನೇ ಕುದುರೆ ಏರಿ ಬರುತ್ತಾನೆ, ನಡೆಸುತ್ತಾನೆ, ಓಡಿಸುತ್ತಾನೆ, ಹಿಂದಕ್ಕೆ ಹೆಜ್ಜೆ ಇಡಿಸುತ್ತಾನೆ. ಕೂಗು ಏರುತ್ತ ಹೋಗಿ ಒಂದು ಕಡೆ ನಿಲ್ಲುತ್ತದೆ. ಅವನು ಇಳಿದು ಅದರ ಕತ್ತಿನ ಎಡಬದಿಯಲ್ಲಿ, ಜೂಲಿನ ಕೆಳಗೆ ಸರ್ಕಾರ ಹಾಕಿದ ಬಿಳಿ ಮುದ್ರೆಯ ಮೇಲೆ ಒಮ್ಮೆ ಕೈಯಾಡಿಸುತ್ತಾನೆ. ಕೊಂಡವರಿಗೆ ಅದು ಯಾವ ಕಿವಿಯನ್ನು ಮುಟ್ಟಿಸಿಕೊಳ್ಳಲು ಹಿಂಜರಿಯುತ್ತದೆ, ಯಾವ ಸದ್ದಿಗೆ ಬೆದರುತ್ತದೆ ಎಂದು ಹೇಳಿ ಹಗ್ಗವನ್ನು ಅವರ ಕೈಗೆ ಕೊಡುತ್ತಾನೆ. ಕುದುರೆ ಹತ್ತು ಹೆಜ್ಜೆ ಹೋಗಿ ಕಿವಿಯನ್ನು ಅವನತ್ತ ತಿರುಗಿಸುತ್ತದೆ. ಹೊಸ ಕೈ ಹಗ್ಗವನ್ನು ಮೆಲ್ಲಗೆ ಎಳೆಯುತ್ತದೆ, ಕುದುರೆ ಒಂದು ಹೆಜ್ಜೆ ಮುಂದಿಡುತ್ತದೆ, ಹಗ್ಗ ಸಡಿಲವಾಗುತ್ತದೆ.