ದುಭಾಷಿ ಕಾಣೆಯಾದಾಗ

ಮನೆಯಲ್ಲಿ ಏನಾದರೊಂದು ಕೆಟ್ಟು ನಿಂತಾಗ ಮನುಷ್ಯನ ಸ್ವಭಾವ ಬಯಲಾಗುತ್ತದೆ. ರೇಡಿಯೋ ನಿಂತರೆ ಅದರ ತಲೆಯ ಮೇಲೊಂದು ಏಟು ಕೊಟ್ಟು ನೋಡುವವರುಂಟು, ಗಡಿಯಾರ ನಿಂತರೆ ಕಿವಿಗೆ ಹಿಡಿದು ಅಲುಗಾಡಿಸುವವರುಂಟು, ಏನು ಕೆಟ್ಟರೂ "ಯಾರು ಮುಟ್ಟಿದಿರಿ ಇದನ್ನು?" ಎಂದು ಮನೆಮಂದಿಯ ಮೇಲೆ ಎಗರುವವರಂತೂ ಬೇಕಾದಷ್ಟು. ಕೆಟ್ಟದ್ದು ಎಲ್ಲಿ ಎಂದು ಸಮಾಧಾನದಿಂದ ಹುಡುಕುವವರು ಮಾತ್ರ ಅಪರೂಪ.

ನಮ್ಮ ದೇಶದಲ್ಲಿ ಇಂಟರ್ನೆಟ್ಟು ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಅದಿಲ್ಲವೆಂದು ಯಾರೂ ಊಟ ನಿದ್ರೆ ಕೆಡಿಸಿಕೊಂಡವರಲ್ಲ. ಈಗ ಅರ್ಧ ಗಂಟೆ ಅದು ಬಾರದಿದ್ದರೆ ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರಂತೆ ಆಗುತ್ತೇವೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದುದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಬಾಗಿಲಿಗೆ ಹೊಸ ಕಳ್ಳರು ಬಂದಾರು ಎಂಬ ವಿವೇಕದಿಂದ ಒಂದು ರಾತ್ರಿ 11ಕ್ಕೆ ಬಡ್ತಿ ಕೊಟ್ಟು ಮಲಗಿದೆ. ಬೆಳಿಗ್ಗೆ ಪರದೆಯೇನೋ ಮದುವೆ ಮನೆಯಂತೆ ಕಂಗೊಳಿಸುತ್ತಿತ್ತು; ಆದರೆ ಮೂಲೆಯಲ್ಲಿದ್ದ ವೈಫೈ ಗುರುತು ಮಾಯ.

ಉಳಿದ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಂದು ಸಂಜೆ ಐದರೊಳಗೆ ಎಪ್ಪತ್ತೆರಡು ವಿದ್ಯಾರ್ಥಿಗಳ ಆಂತರಿಕ ಅಂಕಗಳು ಹೋಗಬೇಕಾಗಿತ್ತು. ಹೋಗದಿದ್ದರೆ ಅವರ ಅಂಕಪಟ್ಟಿಯಲ್ಲಿ ಒಂದು ಮನೆ ಖಾಲಿ. ಆ ಖಾಲಿ ಮನೆಯನ್ನು ತುಂಬಿಸಲು ಹಳ್ಳಿಯ ಹುಡುಗನೊಬ್ಬ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗುತ್ತದೆಂಬುದನ್ನು ನಾನು ಬಲ್ಲೆ.

ಸಲಹೆಗೇನೂ ಬರಗಾಲವಿರಲಿಲ್ಲ. ಪಕ್ಕದ ಮನೆಯವರು, ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿ ಎಂದರು. ಸಹೋದ್ಯೋಗಿಯೊಬ್ಬರು, ಹತ್ತು ದಿನದೊಳಗಾದರೆ ಹಿಂದಿನದಕ್ಕೇ ಮರಳಬಹುದು ಎಂದರು. ಮೂರನೆಯವರು ಹೊಸದನ್ನೇ ಕೊಳ್ಳಿ ಎಂದರು. ಮೂವರೂ ಮದ್ದು ಹೇಳಿದರೇ ಹೊರತು ರೋಗ ಯಾವುದೆಂದು ಒಬ್ಬರೂ ಕೇಳಲಿಲ್ಲ.

ಕೇಳಿದವನು ನನ್ನ ಹಳೆಯ ಶಿಷ್ಯ. ಬಿ.ಎ. ತರಗತಿಯಲ್ಲಿ ಸಂಧಿ ಬಿಡಿಸೆಂದರೆ ಕಿಟಕಿಯಾಚೆ ನೋಡುತ್ತಿದ್ದವನು, ಈಗ ಬೆಂಗಳೂರಿನಲ್ಲಿ ಕಂಪ್ಯೂಟರುಗಳ ದುರಸ್ತಿ ನೋಡಿಕೊಳ್ಳುತ್ತಾನೆ. ಫೋನು ಮಾಡಿದೆ.

"ಸಾರ್, ಅಮ್ಮಾವ್ರ ಫೋನಿನಲ್ಲಿ ವೈಫೈ ಬರ್ತಾ ಇದೆಯಾ?"

"ಬರ್ತಾ ಇದೆಯಪ್ಪ."

"ಹಾಗಾದ್ರೆ ಹೊರಗಿನ ಲೈನು ಸರಿಯಾಗಿದೆ, ರೌಟರೂ ಸರಿಯಾಗಿದೆ. ಅವರಿಬ್ಬರನ್ನೂ ಬಿಟ್ಟುಬಿಡಿ ಸಾರ್."

ಬಳಿಕ ಒಂದು ಕಪ್ಪು ಕಿಟಕಿ ತೆರೆಸಿ, 'ಪಿಂಗ್ 127.0.0.1' ಎಂದು ಟೈಪು ಮಾಡಿಸಿದ. ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸವಂತೆ ಅದು. ನಾಲ್ಕು ಸಲ ಕರೆಯಿತು, ನಾಲ್ಕು ಸಲವೂ ಓಗೊಟ್ಟಿತು. "ಮಾತಾಡೋ ಶಕ್ತಿ ಹೋಗಿಲ್ಲ ಸಾರ್," ಎಂದ. ಆಮೇಲೆ ಯಂತ್ರದ ಅಂಗಾಂಗಗಳ ಪಟ್ಟಿ ತೆರೆಸಿದ. ವೈಫೈ ಅಂಗದ ಪಕ್ಕದಲ್ಲಿ ಹಳದಿಯ ತ್ರಿಕೋನ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ! ಸಿಕ್ಕಿತು.

ಅಲ್ಲಿ ಇಲ್ಲದಿದ್ದುದು 'ಡ್ರೈವರ್'. ಹೆಸರು ಡ್ರೈವರ್ ಆದರೂ ಅದು ಓಡಿಸುವವನಲ್ಲ, ದುಭಾಷಿ. ಕಾರ್ಯವ್ಯವಸ್ಥೆಯ ಮಾತು ವೈಫೈ ಚಿಪ್ಪಿಗೆ ತಿಳಿಯದು, ಚಿಪ್ಪಿನ ಮಾತು ಅದಕ್ಕೆ ತಿಳಿಯದು. ಇವನು ನಡುವೆ ನಿಂತು ತಿಳಿಸುತ್ತಾನೆ. ಹಳೆಯ ದೊರೆಯ ಭಾಷೆ ಬಲ್ಲವನು ಹೊಸ ದೊರೆಯ ದರ್ಬಾರಿನಲ್ಲಿ ಮೂಕನಾಗಿದ್ದ. ಚಿಪ್ಪು ಸರಿಯಾಗಿತ್ತು, ವ್ಯವಸ್ಥೆಯೂ ಸರಿಯಾಗಿತ್ತು, ಮಾತು ಮಾತ್ರ ನಿಂತಿತ್ತು.

ಹೊಸ ದುಭಾಷಿಯಿರುವುದು ಇಂಟರ್ನೆಟ್ಟಿನಲ್ಲಿ. ಅವನನ್ನು ಕರೆತರಲು ಇಂಟರ್ನೆಟ್ಟೇ ಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ! ಶಿಷ್ಯ ಗಾಬರಿಯಾಗಲಿಲ್ಲ. ಫೋನನ್ನು ಅದರ ಚಾರ್ಜಿನ ತಂತಿಯಿಂದಲೇ ಲ್ಯಾಪ್‌ಟಾಪಿಗೆ ಸೇರಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಒತ್ತಿಸಿದ. ಈ ತಂತಿಯ ಭಾಷೆ ಹೊಸ ವ್ಯವಸ್ಥೆಗೆ ಮೊದಲೇ ಗೊತ್ತಿತ್ತು. ಫೋನಿನ ಇಂಟರ್ನೆಟ್ಟು ಒಳಗೆ ಹರಿಯಿತು, ಅದರ ಬೆನ್ನಿಗೇ ಹೊಸ ಡ್ರೈವರೂ ಇಳಿದು ಬಂತು. ಒಮ್ಮೆ ಆರಿಸಿ ಹಚ್ಚಿದ ಮೇಲೆ ಮೂಲೆಯಲ್ಲಿ ವೈಫೈ ಗುರುತು ಮತ್ತೆ ಮೂಡಿತು. ಮೂರು ಗಂಟೆಯ ಹೊತ್ತಿಗೆ ಎಪ್ಪತ್ತೆರಡು ಜನರ ಅಂಕಗಳೂ ಸೇರಬೇಕಾದಲ್ಲಿಗೆ ಸೇರಿದವು.

"ಇದನ್ನೆಲ್ಲ ಎಲ್ಲಿ ಕಲಿತೆಯಪ್ಪ?" ಎಂದೆ.

"ನೀವೇ ಹೇಳ್ತಿದ್ರಲ್ಲ ಸಾರ್, ಪದ ಎಲ್ಲಿ ಕೂಡಿದೆಯೋ ಅಲ್ಲೇ ಬಿಡಿಸಬೇಕು, ಸಿಕ್ಕಿದ ಕಡೆ ಕತ್ತರಿ ಹಾಕಬಾರದು ಅಂತ."

ಕಿಟಕಿಯಾಚೆ ನೋಡುತ್ತಿದ್ದ ಹುಡುಗರಿಗೂ ಪಾಠ ಕೇಳಿಸುತ್ತಿರುತ್ತದೆ!

ನಮ್ಮ ಮನೆಗಳಲ್ಲಿ ತಂದೆ ಮಗ ಮಾತು ಬಿಟ್ಟಿರುತ್ತಾರೆ. ಇವನು ಕೆಟ್ಟ, ಅವನು ಕೆಟ್ಟ ಎಂದು ನೆಂಟರು ತೀರ್ಪು ಕೊಡುತ್ತಾರೆ. ಕೆಲವು ಕಡೆ ಇಬ್ಬರೂ ಸರಿಯಾಗಿಯೇ ಇರುತ್ತಾರೆ. ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಹದವಾಗಿ ದಾಟಿಸುತ್ತಿದ್ದ ಅಜ್ಜಿಯೋ ತಾಯಿಯೋ ತೀರಿಕೊಂಡಿರುತ್ತಾಳೆ, ಅಷ್ಟೆ. ಅಲ್ಲಿ ಬೇಕಾದದ್ದೂ ಇನ್ನೊಬ್ಬ ದುಭಾಷಿಯೇ. ಅವನು ಸಿಕ್ಕುವ ತನಕ ಎಲ್ಲಿಂದಾದರೂ ಎಳೆದು ತಂದ ಒಂದು ತಂತಿ.